ಹಟ್ಟಿಯ ಸದಸ್ಯನ ಮತ

ಹನ್ನೊಂದು ಸೆಕೆಂಡುಗಳಲ್ಲಿ ವಾರ್ಷಿಕ ಮಹಾಸಭೆ ಮುಗಿಯಿತು. ಮಂಗಳೂರಿನ ಸಭಾಂಗಣದಲ್ಲಿ ಇದ್ದವರು ಇಬ್ಬರೇ: ಮತದಾನದ ಯಂತ್ರವನ್ನು ರೂಪಿಸಿದ ಡಾ. ವಿಜಯೀಂದ್ರ ಹತವಾರ ಮತ್ತು ಸಂಪರ್ಕಾಧಿಕಾರಿ ಕುಸುಮಾ ಕುಂದರ್. ಮತ ಹಾಕಿದವರು ಆರು ಸಾವಿರದ ಇನ್ನೂರ ಹದಿಮೂರು ಸದಸ್ಯರು. ಸರಿಯಾಗಿ ಹೇಳುವುದಾದರೆ, ಅವರ ಪ್ರತಿಮತಿಗಳು.

ಅಂತರ್ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯಾವಿಳಾಸ ಬೇಕು. ಒಂದೇ ವಿಳಾಸ ಇಬ್ಬರಿಗೆ ಹೋದರೆ ಸಂದೇಶ ಯಾರಿಗೂ ಸರಿಯಾಗಿ ತಲುಪುವುದಿಲ್ಲ. ಈ ಸಂಖ್ಯೆಗಳನ್ನು ಹಂಚಿ, ಯಾವುದು ಯಾರದೆಂದು ಬರೆದಿಡುವುದು ವಿಳಾಸ ಸಂಘದ ಕೆಲಸ. ಅದು ಸರ್ಕಾರದ್ದಲ್ಲ, ಕಂಪನಿಯದೂ ಅಲ್ಲ. ವಿಳಾಸ ಪಡೆದ ಜಾಲಗಳ ಒಡೆಯರೇ ಅದರ ಸದಸ್ಯರು. ಶುಲ್ಕ ಎಷ್ಟು, ಸಿಬ್ಬಂದಿ ಎಷ್ಟು ಎಂಬುದನ್ನು ಅವರೇ ತೀರ್ಮಾನಿಸಬೇಕು. ಆದರೆ ಸಭೆಗೆ ಯಾರೂ ಬರುತ್ತಿರಲಿಲ್ಲ. ಕೋರಂ ಇಲ್ಲದೆ ನಾಲ್ಕು ವರ್ಷ ಬಜೆಟ್ ಮಂಜೂರಾಗಲಿಲ್ಲ. ಆಗ ಹತವಾರರು ಪ್ರತಿಮತಿಯನ್ನು ತಯಾರಿಸಿದರು. ಅದು ಸದಸ್ಯನ ಹಳೆಯ ಪತ್ರ, ಆಕ್ಷೇಪಣೆ, ಮತಗಳನ್ನೆಲ್ಲ ಓದಿ, ಅವನು ಹೇಗೆ ಮತ ಹಾಕುತ್ತಿದ್ದನೋ ಹಾಗೆಯೇ ಹಾಕುತ್ತದೆ. ಅವನ ಧಾಟಿಯಲ್ಲೇ ಪತ್ರ ಬರೆಯುತ್ತದೆ. ಶುಲ್ಕವನ್ನೂ ಕಟ್ಟುತ್ತದೆ.

ಒಂಬತ್ತು ವರ್ಷಗಳಲ್ಲಿ ಪ್ರತಿಮತಿಗಳು ಸಿಬ್ಬಂದಿಯನ್ನು ಮೂವತ್ತರಿಂದ ಒಂದಕ್ಕೆ ಇಳಿಸಿದ್ದವು. ಈ ವರ್ಷದ ಗೊತ್ತುವಳಿ ಆ ಒಂದರ ಕುರಿತಾಗಿತ್ತು. ಕುಸುಮಾಳ ಹುದ್ದೆ ರದ್ದಾಗಲಿ ಎಂದವರು 3,106. ಬೇಡ ಎಂದವರು 3,107.

"ಬಚಾವಾದಿರಿ," ಎಂದರು ಹತವಾರರು.

"ಇನ್ನೂ ಇಲ್ಲ ಮಾರಾಯ್ರೆ. ಅಂತರ ಹತ್ತಕ್ಕಿಂತ ಕಡಿಮೆಯಿದ್ದರೆ ಚೀಟಿ ಎತ್ತಿ ಇಪ್ಪತ್ತು ಸದಸ್ಯರಿಗೆ ಫೋನ್ ಮಾಡಿ, ಈ ಮತ ನಿಮ್ಮದೇನಾ ಎಂದು ವಿಚಾರಿಸಬೇಕು. ಹಳೇ ನಿಯಮ."

"ಯಾರು ಮಾಡಬೇಕು?"

"ಸಂಪರ್ಕಾಧಿಕಾರಿ," ಎಂದಳು ಕುಸುಮಾ.

ಏಳನೆಯ ಚೀಟಿ ರಾಯಚೂರು ಜಿಲ್ಲೆಯ ಹಟ್ಟಿಯದು. ಚಿನ್ನದ ಗಣಿಯ ಆ ಊರಿನಲ್ಲಿ ಮುನ್ನೂರು ಮನೆಗಳಿಗೆ ಜಾಲ ಒದಗಿಸುವ ಖಾಜಾಹುಸೇನ್ ನದಾಫ್. ಹುದ್ದೆ ಉಳಿಯಲಿ ಎಂದು ಅವರ ಮತವಿತ್ತು. ಫೋನ್ ಎತ್ತಿದ್ದು ಅವರ ಹೆಂಡತಿ ಮೆಹಬೂಬಿ.

"ಅವ್ರು ಹೋಗಿ ಮೂರು ವರ್ಷಾತ್ರಿ ಮೇಡಂ."

"ಹೋದ ತಿಂಗಳು ಅವರ ಆಕ್ಷೇಪಣೆ ಬಂದಿದೆಯಲ್ಲ?"

"ಬಂದಿರ್ತದ. ನಿಮ್ಮ ಯಂತ್ರ ವರ್ಷಾ ವರ್ಷಾ ಬರೀತದ. ನಂಗೂ ಒಂದು ಪ್ರತಿ ಕಳಸ್ತದ. ಈ ಸಲ ಏನಂತ ಬೈದಾರ, ಓದೀರೇನು?"

"ಕಚೇರಿಯ ಚಹಾ ಖರ್ಚು ಜಾಸ್ತಿ ಅಂತ."

"ಹೂಂ. ಮನ್ಯಾಗೂ ಹಂಗ. ಬೈಯೋದು ಬೈದು ಎರಡು ಕಪ್ ಕುಡೀತಿದ್ರು."

"ಜಾಲವನ್ನು ಈಗ ಯಾರು ನೋಡಿಕೊಳ್ಳುತ್ತಾರೆ?"

"ನಾನ ರೀ. ಕಂಬಾನೂ ಹತ್ತತೀನಿ."

"ಹಾಗಾದರೆ ಸದಸ್ಯತ್ವ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು."

"ಮಾಡಿಸಿದ್ರ ಆ ಪತ್ರ ಬರೂದಿಲ್ಲಲ್ರಿ."

ಕುಸುಮಾ ವರದಿಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಕಾಗದದ ಸದ್ದಿಗೆ ಮೆಹಬೂಬಿ ಕೇಳಿದಳು: "ಇದನ್ನ ನೀವು ಬರದ್ರ ಯಾರಿಗರ ತೊಂದರಿ ಐತೇನು?"

"ಒಂದು ಮತ ಕಡಿಮೆಯಾಗುತ್ತದೆ. ನನ್ನ ಕೆಲಸ ಹೋಗುತ್ತದೆ."

"ಅಯ್ಯ! ಮತ್ತ ಬರೀತೀರೇನು?"

"ಸತ್ತವರು ಇದ್ದಾರೆ ಎಂದು ಸಹಿ ಹಾಕಲು ಆಗುವುದಿಲ್ಲ."

"ಅದೂ ಖರೇನ," ಎಂದಳು ಮೆಹಬೂಬಿ.

ಉಳಿದ ಹತ್ತೊಂಬತ್ತು ಮತಗಳು ಸರಿಯಿದ್ದವು. ವರದಿ ಓದಿ ಹತವಾರರು ಕನ್ನಡಕ ತೆಗೆದಿಟ್ಟರು. "ಇದು ಹೇಗೆ ಸಾಧ್ಯ? ನೀವು ಇದ್ದೀರಾ ಎಂದು ಪ್ರತಿ ಸದಸ್ಯನನ್ನೂ ವರ್ಷಕ್ಕೊಮ್ಮೆ ಕೇಳುತ್ತೇವೆ."

"ಉತ್ತರ ಕೊಡುವುದು ಯಾರು?"

"ಪ್ರತಿಮತಿ."

"ಅವರು ಇದ್ದಿದ್ದರೆ ಇದ್ದೇನೆ ಎಂದೇ ಹೇಳುತ್ತಿದ್ದರು ಡಾಕ್ಟ್ರೇ. ನಿಮ್ಮ ಯಂತ್ರ ತಪ್ಪು ಮಾಡಿಲ್ಲ."

ಮತಗಳು ಸಮವಾದವು. ಅಧ್ಯಕ್ಷರ ಪ್ರತಿಮತಿಯ ನಿರ್ಣಾಯಕ ಮತ ಗೊತ್ತುವಳಿಯ ಪರ ಬಿತ್ತು. ಕುಸುಮಾ ಬೀಗದ ಕೈ ಒಪ್ಪಿಸಿ ಮನೆಗೆ ಹೋದಳು.

ನಿಯಮದಂತೆ ವರದಿಯನ್ನು ಎಲ್ಲ ಸದಸ್ಯರಿಗೂ ಕಳುಹಿಸಬೇಕಾಗಿತ್ತು. ಬಹಳ ವರ್ಷಗಳ ನಂತರ ಒಬ್ಬ ಮನುಷ್ಯ ಬರೆದ ಪತ್ರ ಸಂಘದಿಂದ ಬಂದಿತ್ತು. ಆದ್ದರಿಂದಲೋ ಏನೋ, ಜನ ಅದನ್ನು ಓದಿದರು. ಇನ್ನೆಷ್ಟು ಜನ ಹೀಗಿದ್ದಾರೆ ಎಂದು ಕೇಳಿದರು. ಯಂತ್ರವನ್ನು ಕೇಳಿ ಪ್ರಯೋಜನವಿರಲಿಲ್ಲ. ಆರು ಸಾವಿರ ಚಿಲ್ಲರೆ ಸದಸ್ಯರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಧ್ವನಿ ಕೇಳಿ, ವರ್ಷಕ್ಕೊಮ್ಮೆ ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ಹನ್ನೆರಡು ಜನ ಬೇಕು ಎಂದು ಹತವಾರರೇ ಲೆಕ್ಕ ಹಾಕಿ ಕೊಟ್ಟರು. ವಿಶೇಷ ಸಭೆ ಸೇರಿತು. ಸದಸ್ಯರು ತಾವೇ ಬಂದು, ಕುರ್ಚಿ ಸಾಲದೆ ನಿಂತು, ಶುಲ್ಕವನ್ನು ಮೂರರಲ್ಲಿ ಒಂದು ಪಾಲು ಏರಿಸಿಕೊಂಡರು. ಹನ್ನೆರಡು ಹುದ್ದೆಗಳಲ್ಲಿ ಮೊದಲನೆಯದಕ್ಕೆ ಕುಸುಮಾಳನ್ನು ಕರೆಸಿದರು.

ಕರೆಗಳು ಮುಗಿಯಲು ಐದು ತಿಂಗಳು ಹಿಡಿಯಿತು. ಮುನ್ನೂರ ನಲವತ್ತು ಸದಸ್ಯರು ಇರಲಿಲ್ಲ. ಅವರ ಹೆಸರಿನಲ್ಲಿ ಯಂತ್ರ ಬರೆಯುತ್ತಿರುವುದು ಮನೆಯವರಿಗೆಲ್ಲ ಗೊತ್ತಿತ್ತು.

ಮುಂದಿನ ಮಹಾಸಭೆಗೆ ಮೊದಲು ಬಂದ ಆಕ್ಷೇಪಣೆ ಹಟ್ಟಿಯದು. ಕೈಬರಹ. ಹೊಸ ಸದಸ್ಯೆ ಮೆಹಬೂಬಿ ನದಾಫ್ ಬಜೆಟ್ಟಿಗೆ ಒಪ್ಪಿಗೆ ಕೊಟ್ಟಿದ್ದಳು. ಆದರೆ ಫೋನ್ ಮಾಡಲು ಹನ್ನೆರಡು ಜನ ಯಾಕೆ, ಅವರೆಲ್ಲ ದಿನಕ್ಕೆ ಎಷ್ಟು ಸಲ ಚಹಾ ಕುಡಿಯುತ್ತಾರೆ ಎಂದು ಕೇಳಿದ್ದಳು. ಸಹಿಯ ಕೆಳಗೆ ಇನ್ನೊಂದು ಸಾಲಿತ್ತು:

"ಇದರದೊಂದು ಪ್ರತಿ ನನಗೂ ಕಳಿಸಬೇಕು. ಮೊದಲು ಬರುತ್ತಿತ್ತು."