ಮಾರೆಲ್ಬಾಳ ಹೆಸರು ಕೆರೆದ ಹಾಡು

ಹಾಡನ್ನು ಎವೆಲಿಯೊಗೆ ಕಳಿಸಿಬಿಟ್ಟೆ. ಕಳಿಸಿದ ಮರುಕ್ಷಣವೇ ತಪ್ಪು ಮಾಡಿದೆ ಅನ್ನಿಸಿತು. ಅಳಿಸೋಣವೆಂದರೆ ಆ ಮಹಾರಾಯ ಆಗಲೇ ಕೇಳಿಯೂ ಆಗಿತ್ತು.

"ಯುರಾನಿಸ್! ಮಾರೆಲ್ಬಾನೇ ತಾನೆ ಇದು? ಚಿಕ್ಕ ಹುಡುಗಿ ಆಗಿದ್ದಾಗ ಹಾಡಿದ್ದಾ? ನಾನು ಸತ್ತೆ ಕಣೇ!"

"ಸಾಯೋದು ಆಮೇಲೆ. ಯಾರಿಗೂ ಕೇಳಿಸ್ಬೇಡ. ಅಪ್ಪನಿಗೆ ಗೊತ್ತಾದ್ರೆ ಸಾಯೋದು ನಾನು."

ನಮ್ಮೂರು ಬಾರಂಕಿಯಾದ ಬಸ್ಸುಗಳಲ್ಲೆಲ್ಲ ಗಾಯಕಿ ಮಾರೆಲ್ಬಾಳ ಅದೇ ನಾಲ್ಕು ಹಾಡು. ಅವುಗಳ ಹೆಸರೆತ್ತಿದರೆ ಎವೆಲಿಯೊ ಮೂಗು ಮುರಿಯುತ್ತಿದ್ದ. ಅವನಿಗೆ ಬೇಕಾದ್ದು ಯಾರೂ ಕೇಳದವು: ಸೋಪಿನ ಜಾಹೀರಾತಿಗೆ ಹಾಡಿದ್ದು, ಡಿಸ್ಕಿನ ಹಿಂಬದಿಯಲ್ಲಿ ಉಳಿದುಹೋದದ್ದು. ಬೆಳಿಗ್ಗೆ ಅವನ ಬೇಕರಿಗೆ ಬ್ರೆಡ್ ಕೊಳ್ಳಲು ಹೋದರೆ ಕೌಂಟರಿನಾಚೆಯಿಂದ ಇಯರ್‌ಫೋನಿನ ಒಂದು ತುದಿ ಚಾಚುತ್ತಿದ್ದ. ಹಾಡು ಮುಗಿಯುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಕಣ್ಣು ತಗ್ಗಿಸಿದರೆ, "ಇಷ್ಟ ಆಗ್ಲಿಲ್ವಾ?" ಅನ್ನುತ್ತಿದ್ದ. ಇಷ್ಟವಾಗಿದ್ದು ಹಾಡೊಂದೇ ಅಲ್ಲ ಅಂತ ಈ ಪೆದ್ದನಿಗೆ ಹೇಗೆ ಹೇಳಲಿ!

ಅವನು ಅಷ್ಟು ಕೊಟ್ಟಮೇಲೆ ನಾನೂ ಏನಾದರೂ ಕೊಡಬೇಡವೇ? ನಮ್ಮಪ್ಪ ಲುಸೆರೊ ಪಿಕೋದ ಯಜಮಾನ. ಪಿಕೋ ಎಂದರೆ ಬಣ್ಣ ಬಳಿದ ಆಳೆತ್ತರದ ಸ್ಪೀಕರು, ಭಾನುವಾರ ಬೀದಿ ನಡುಗಿಸುವಂಥದ್ದು. ಬೇರೆ ಪಿಕೋಗಳ ಬಳಿ ಇಲ್ಲದ ಹಾಡಿದ್ದರೇ ಮರ್ಯಾದೆ. ಅದಕ್ಕೇ ಹೊಸ ಡಿಸ್ಕು ಬಂದ ಕೂಡಲೇ ಅದರ ಮೇಲಿರುವ ಹಾಡಿನ, ಹಾಡಿದವರ ಹೆಸರನ್ನು ಅಪ್ಪ ಕೆರೆದುಹಾಕುತ್ತಾರೆ. ಹಾಡು ಹಾಕಿದಾಗ ನಡುನಡುವೆ "ಇದು ಲುಸೆರೊ!" ಎಂದು ಮೈಕಿನಲ್ಲಿ ಕೂಗುತ್ತಾರೆ, ಯಾರೂ ಕದಿಯದಿರಲಿ ಅಂತ. ನಾನು ಕಳಿಸಿದ್ದು ಅಪ್ಪನ ಅಂಥದೊಂದು ಡಿಸ್ಕಿನಿಂದ ಕದ್ದ, ಆ ಕೂಗಿಲ್ಲದ ಹಾಡು.

ಭಾನುವಾರ ಮಧ್ಯಾಹ್ನ ಎದುರು ಮೂಲೆಯಲ್ಲಿ ನಮ್ಮ ಎದುರಾಳಿ ಉರಕಾನ್ ಪಿಕೋ ಶುರುವಾಯಿತು. ಮೊದಲ ತಾಳಕ್ಕೇ ಗುರುತು ಹಿಡಿದೆ. ಅದೇ ಹಾಡು! ಜಗಲಿಯಲ್ಲಿ ಡಾಮಿನೊ ಆಡುತ್ತಿದ್ದ ಅಪ್ಪನ ಕೈ ಹಾಗೇ ನಿಂತಿತು. ಎವೆಲಿಯೊ ಮಾರಿಬಿಟ್ಟನೇ? ನನ್ನೊಡನೆ ನಕ್ಕಿದ್ದೆಲ್ಲ ಇದಕ್ಕೇನಾ? ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋದೆ, ನೀರು ಕುಡಿಯದೆಯೇ ವಾಪಸು ಬಂದೆ.

ಅಷ್ಟರಲ್ಲಿ ಹಾಡಿನ ಮಧ್ಯೆ ಆ ಸ್ಪೀಕರಿನಿಂದಲೇ ಎವೆಲಿಯೊನ ಅಮ್ಮನ ಕೂಗು ಬೀದಿಗೆಲ್ಲ ಮೊಳಗಿತು: "ಎವೆಲಿಯೋ! ಅನ್ನ ಸೀದುಹೋಗ್ತಿದೆ, ಆ ದರಿದ್ರ ಹಾಡು ನಿಲ್ಸೋ!"

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಮಾರಿರಲಿಲ್ಲ ಪಾಪ. ಖುಷಿ ತಡೆಯಲಾರದೆ ಕಿಟಕಿ ತೆರೆದಿಟ್ಟು ಜೋರಾಗಿ ಹಾಕಿಕೊಂಡಿದ್ದಾನೆ, ಉರಕಾನಿನವರು ಹೊರಗೆ ನಿಂತು ರೆಕಾರ್ಡ್ ಮಾಡಿಕೊಂಡಿದ್ದಾರೆ. ನನಗೆ ನಗುವೂ ಬಂತು, ಅಳುವೂ ಬಂತು. ಅಪ್ಪ ಮಾತ್ರ ನಗಲಿಲ್ಲ.

"ಬೇಕರಿ ಹುಡುಗನಿಗೆ ಹಾಡು ಕೊಟ್ಟೋಳು ಯಾರು?"

"ನಾನೇ ಅಪ್ಪ."

"ಯಾಕೆ?"

"ಅವನಂದ್ರೆ ನಂಗಿಷ್ಟ."

"ಇನ್ಮೇಲೆ ಆ ಬೇಕರಿ ಕಡೆ ತಲೆ ಹಾಕಿ ನೋಡು, ಆಗಿದೆ ನಿಂಗೆ!"

ಆಗ ಎವೆಲಿಯೊ ಓಡಿಬಂದ. ಅಂಗಿಯೆಲ್ಲ ಬೆವರು, ಕಂಕುಳಲ್ಲಿ ಒಂದು ಡಿಸ್ಕು.

"ಅವಳನ್ನ ಬೈಬೇಡಿ ಯಜಮಾನ್ರೇ, ತಪ್ಪು ನಂದು. ಇದೂ ಮಾರೆಲ್ಬಾದೇ. ಈ ಊರಲ್ಲಿ ಯಾರ ಹತ್ರಾನೂ ಇಲ್ಲ. ಇವಳ ಹುಟ್ಟುಹಬ್ಬಕ್ಕೆ ಅಂತ ಇಟ್ಕೊಂಡಿದ್ದೆ. ಲುಸೆರೊಗೇ ಇರ್ಲಿ."

ಅಪ್ಪ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳಿದರು. ಹುಬ್ಬು ಮೇಲೇರಿತು. ಜೇಬಿನಿಂದ ಚಾಕು ತೆಗೆದು ಅವನ ಕೈಗಿಟ್ಟರು.

"ನೀನೇ ಕೆರಿ."

ಎವೆಲಿಯೊನ ಮುಖ ನೋಡಲಾಗಲಿಲ್ಲ. ಸಿಕ್ಕವರಿಗೆಲ್ಲ ಮಾರೆಲ್ಬಾಳ ಹಾಡು ಕೇಳಿಸಬೇಕೆನ್ನುವ ಹುಡುಗ, ಅವಳ ಹೆಸರನ್ನೇ ತನ್ನ ಕೈಯಾರೆ ಕೆರೆದ.

"ಹಾಡಿನ ಹೆಸರು ನಮ್ಮಿಬ್ರಲ್ಲೇ ಇರ್ಲಿ," ಎಂದರು ಅಪ್ಪ. "ಇವಳಿಗೂ ಹೇಳ್ಬೇಡ. ಇವಳ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ."

"ಹೇಳಲ್ಲ ಯಜಮಾನ್ರೇ, ಮಾತು ಕೊಟ್ಟೆ."

ಅಪ್ಪ ಲುಸೆರೊದಲ್ಲಿ ಆ ಹಾಡು ಹಾಕಿದರು. ಬೀದಿ ಕುಣಿಯತೊಡಗಿತು. ನಾನು ಅವನ ತೋಳು ಹಿಡಿದು ಗೋಡೆಯ ಮರೆಗೆ ಎಳೆದೆ.

"ಹಾಡಿನ ಹೆಸರೇನು?"

"ಮಾತು ಕೊಟ್ಟಿದೀನಲ್ಲ."

"ನಿಂಗೆ ನನಗಿಂತ ನಮ್ಮಪ್ಪನೇ ಹೆಚ್ಚಾ?"

"ಮತ್ತೆ? ನಿನ್ನನ್ನ ಕೊಡಿ ಅಂತ ಅವರನ್ನ ತಾನೇ ಕೇಳ್ಬೇಕು ನಾನು?" ಎಂದ. ಕಿವಿಯವರೆಗೂ ಕೆಂಪಾಗಿದ್ದ.

"ಹಾಡು ಮುಗಿದ ತಕ್ಷಣ ಕೇಳು," ಎಂದೆ. "ನಂಗೆ ತಡೆಯೋಕಾಗಲ್ಲ."