ಎಲ್ಲರೂ ನೋಡುತ್ತಿದ್ದ ಚುಕ್ಕೆ

"ಅಮ್ಮಾ, ಅದೇ ಚುಕ್ಕೆನ ಮತ್ತೆ ಮತ್ತೆ ಯಾಕೆ ಅಳಿಸ್ತಿದ್ದೀಯ?"

ಅಮ್ಮ ಮೌಸ್‌ನಿಂದ ಕೈ ತೆಗೆಯಲಿಲ್ಲ. "ಶುರುವಾಯ್ತು ನಿನ್ನ ಯಾಕೆ! ಕ್ಯಾಮೆರಾ ಒಳಗೆ ಧೂಳು ಕೂತಿದೆ ಕಣೇ. ಅದಕ್ಕೇ ಎಲ್ಲಾ ಫೋಟೋದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ."

ಇಂಥ ಪ್ರಶ್ನೆಗಳಿಂದಲೇ ಹುಡುಗಿಗೆ ಮನೆಯಲ್ಲಿ ಯಾಕಮ್ಮ ಎಂದು ಹೆಸರು ಬಿದ್ದಿತ್ತು. ಅವಳ ಅಮ್ಮ ಫೋಟೋಗ್ರಾಫರ್. ಸ್ಕೂಲಿನ ಕ್ರೀಡಾಕೂಟದ ಫೋಟೋಗಳೆಲ್ಲ ಅವಳ ಸ್ಟುಡಿಯೋದ ಕಂಪ್ಯೂಟರಿನಲ್ಲಿದ್ದವು. ಬೆಳಗಾದರೆ ಅವು ಸ್ಕೂಲಿನ ಬೋರ್ಡ್ ಮೇಲೆ ಇರಬೇಕು. ಅಮ್ಮನೋ ಒಂದೊಂದನ್ನೇ ತೆರೆದು, ಬೆಳಕು ಸರಿಮಾಡಿ, ಆಕಾಶದ ಮೂಲೆಯ ಚುಕ್ಕೆ ಅಳಿಸುತ್ತ ಕೂತಿದ್ದಳು. ಟೀ ಆರಿ ತಣ್ಣಗಾಗಿತ್ತು.

"ಒಂದರಲ್ಲಿ ಮಾಡಿದ್ದನ್ನ ಎಲ್ಲಕ್ಕೂ ಕಾಪಿ ಹೊಡೆಯೋಕೆ ಆಗಲ್ವಾ? ನಮ್ಮ ಕ್ಲಾಸಲ್ಲಿ ಹೋಮ್‌ವರ್ಕ್ ಹೊಡೀತಾರಲ್ಲ, ಹಾಗೆ!"

"ಯಾರು ಹೊಡೆಯೋದು, ನೀನಾ?" ಅಮ್ಮ ಕಣ್ಣು ಕಿರಿದು ಮಾಡಿದಳು. ಆದರೆ ಮಾತು ತಲೆಗೆ ಹೋಗಿತ್ತು. ಇಬ್ಬರೂ ಸೇರಿ ಮೆನು ಎಲ್ಲ ಜಾಲಾಡಿದರು. ಕೊನೆಗೂ ಆ ಬಟನ್ ಸಿಕ್ಕಿತು. ಅಮ್ಮ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಫೋಟೋಗಳಿಗೂ ಬೆಳಕು ಬಂತು, ಎಲ್ಲ ಚುಕ್ಕೆಗಳೂ ಮಾಯವಾದವು.

"ಅಯ್ಯೋ, ಇಷ್ಟು ದಿನ ನಾನು ಎಂಥ ಪೆದ್ದಿ!" ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಯಾಕಮ್ಮ ಹಿಗ್ಗಿ ಹೀರೇಕಾಯಿಯಾದಳು.

ಮರುದಿನ ಬೋರ್ಡ್ ಮುಂದೆ ಮಕ್ಕಳು ಮುಗಿಬಿದ್ದಿದ್ದರು. ಒಂದು ಫೋಟೋ ಮುಂದೆ ಮಾತ್ರ ನಗು ನಿಲ್ಲುತ್ತಲೇ ಇರಲಿಲ್ಲ.

"ಲೋ, ಉದ್ದಕ್ಕನ ಡ್ಯಾನ್ಸ್ ನೋಡ್ರೋ!"

ಉದ್ದಕ್ಕ ಯಾಕಮ್ಮನ ಕ್ಲಾಸಿನವಳೇ. ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಕಡಿಮೆ ಮಾತು. ಗುಂಡು ಎಸೆತದಲ್ಲಿ ಫಸ್ಟ್ ಬಂದಿದ್ದಳು. ಅವಳು ಯಾವುದರಲ್ಲಾದರೂ ಫಸ್ಟ್ ಬಂದದ್ದು ಅದೇ ಮೊದಲು. ಫೋಟೋದಲ್ಲಿ ಒಂಟಿ ಕಾಲಿನ ಮೇಲೆ ನಿಂತು, ಕೈ ಮೇಲೆ ಚಾಚಿ, ಕಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡಿದ್ದಳು. ಈಗ ನಿಜವಾದ ಉದ್ದಕ್ಕ ಕಂಬದ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು.

ಯಾಕಮ್ಮನಿಗೆ ನಗು ಬರಲಿಲ್ಲ. ಅವಳ ಕಣ್ಣು ಫೋಟೋದಲ್ಲಿ ಉದ್ದಕ್ಕನ ಹಿಂದಿದ್ದವರ ಕಡೆ ಹೋಗಿತ್ತು. ಪಿ.ಟಿ. ಸರ್ ತಲೆ ಎತ್ತಿದ್ದಾರೆ. ಸಾಲಾಗಿ ಕೂತ ಮಕ್ಕಳೆಲ್ಲ ತಲೆ ಎತ್ತಿದ್ದಾರೆ. ಒಬ್ಬ ಹುಡುಗನಂತೂ ಬಾಯಿ ತೆರೆದುಕೊಂಡಿದ್ದಾನೆ. ಎಲ್ಲರೂ ಆಕಾಶದ ಆ ಮೂಲೆಯನ್ನೇ ನೋಡುತ್ತಿದ್ದಾರೆ. ಅಲ್ಲಿ ಏನೂ ಇಲ್ಲ.

ಯಾಕೆ?

ನಿನ್ನೆ ಚುಕ್ಕೆ ಅಳಿಸಿದ ಜಾಗ ಅದೇ! ಅವಳು ಕಂಬದ ಹತ್ತಿರ ಓಡಿದಳು.

"ಉದ್ದಕ್ಕ, ನಿನ್ನ ಗುಂಡು ನಾವೇ ಅಳಿಸಿಬಿಟ್ವಿ ಕಣೇ! ಧೂಳು ಅಂತ! ಐಡಿಯಾ ಕೊಟ್ಟಿದ್ದು ನಾನೇ. ಸಾರಿ. ಸಂಜೆ ನಮ್ಮ ಸ್ಟುಡಿಯೋಗೆ ಬರ್ತೀಯಾ?"

ಉದ್ದಕ್ಕ ಸಂಜೆ ಬಂದಳು.

ವಿಷಯ ಕೇಳಿ ಅಮ್ಮನ ಮುಖ ಸಪ್ಪಗಾಯಿತು. "ಒಂದೊಂದೇ ನೋಡಿ ಕಳಿಸಬೇಕಿತ್ತು. ಬೇಗ ಮುಗೀತಲ್ಲ ಅಂತ ಸುಮ್ಮನಾಗ್ಬಿಟ್ಟೆ. ನನ್ನದೂ ತಪ್ಪೇ ಪುಟ್ಟಾ." ಆ ಫೋಟೋ ತೆರೆದು, ಅಳಿಸಿದ್ದನ್ನು ವಾಪಸ್ ತಂದಳು. ಅಳಿಸಿದ್ದ ಆ ಜಾಗದಲ್ಲೇ ಒಂದಲ್ಲ, ಎರಡು ಚುಕ್ಕೆ ಅಕ್ಕಪಕ್ಕ ಮೂಡಿದವು.

"ಯಾವುದು ಧೂಳು, ಯಾವುದು ಗುಂಡು?" ಯಾಕಮ್ಮ ಮೂಗು ಸ್ಕ್ರೀನಿಗೆ ತಾಗುವಷ್ಟು ಬಗ್ಗಿದಳು. ಅಮ್ಮ ಜೂಮ್ ಮಾಡಿದಳು. ಒಂದು ಮಸಿ ಒರೆಸಿದ ಹಾಗೆ ಮಸುಕಾಗಿತ್ತು. ಇನ್ನೊಂದು ಗುಂಡಗೆ, ಒಂದು ಬದಿ ಬಿಸಿಲಿಗೆ ಹೊಳೆಯುತ್ತಿತ್ತು. ಅಮ್ಮ ಮಸುಕಾದದ್ದನ್ನು ಮಾತ್ರ ಅಳಿಸಿ ಫೋಟೋ ಪೂರ್ತಿ ಕಾಣುವಂತೆ ಮಾಡಿದಳು.

ಉದ್ದಕ್ಕನ ಚಾಚಿದ ಕೈ. ತಲೆ ಎತ್ತಿದ ಅಷ್ಟು ಜನ. ಅಷ್ಟು ಮೇಲೆ, ಗುಂಡು.

ಉದ್ದಕ್ಕ ಬಹಳ ಹೊತ್ತು ನೋಡಿದಳು.

"ಅಷ್ಟು ಮೇಲೆ ಹೋಗಿತ್ತಾ?" ಎಂದಳು ಮೆಲ್ಲಗೆ. "ನಂಗೆ ಗೊತ್ತೇ ಇರ್ಲಿಲ್ಲ. ಎಸೆಯುವಾಗ ಕಣ್ಣು ಮುಚ್ಕೊಂಡಿದ್ದೆ."

ಅಮ್ಮ ಪ್ರಿಂಟ್ ಹಾಕಿದಳು. ಕಾಗದ ಹೊರಗೆ ಬರುವವರೆಗೆ ಉದ್ದಕ್ಕ ಮೆಷಿನ್ ಮುಂದಿನಿಂದ ಅಲ್ಲಾಡಲಿಲ್ಲ.

ಯಾಕಮ್ಮ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು.

"ಇನ್ನೇನೇ ಮಾಡ್ತಿದ್ದೀಯ? ಕತ್ತಲಾಯ್ತು," ಎಂದಳು ಅಮ್ಮ.

"ಉಳಿದಿದ್ದೆಲ್ಲ ನೋಡ್ತೀನಿ."

ಮುಂದಿನ ಫೋಟೋ ತೆರೆಯಿತು. ರಿಲೇ ಓಟ. ಯಾಕಮ್ಮ ಆಕಾಶದ ಮೂಲೆಯನ್ನು ನೋಡಲಿಲ್ಲ. ಮೊದಲು ಮುಖಗಳನ್ನು ನೋಡಿದಳು. ಅವರೆಲ್ಲ ಎಲ್ಲಿ ನೋಡುತ್ತಿದ್ದಾರೋ, ಅಲ್ಲಿಗೆ ನಿಧಾನವಾಗಿ ತನ್ನ ಬೆರಳು ಒಯ್ದಳು.