ಏಳನೇ ತಿಂಗಳಲ್ಲಿ ಕರೆದ ವಿಳಾಸ

ಕೀಲುಂಗ್‌ನ ನಮ್ಮ ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಅದು ಚೀನೀ ಪಂಚಾಂಗದಂತೆ ದೆವ್ವಗಳು ಓಡಾಡುವ ಏಳನೇ ತಿಂಗಳು. ಬೆಳಿಗ್ಗೆಯಿಂದ ಸರ್ವರ್ ತನ್ನ ನೆಟ್‌ವರ್ಕ್ ವಿಳಾಸವನ್ನೇ ಮರೆಯುತ್ತಿತ್ತು. ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನಾನು ತುಂಬುವುದು, ಅದು ಅಳಿಸಿಕೊಳ್ಳುವುದು. ಆ ಸರ್ವರ್ ಮೂಲಕವೇ ಬರಬೇಕಾದ ವೈದ್ಯರ ಚೀಟಿಗಳು ಔಷಧಿ ಕೌಂಟರಿಗೆ ಬರದೆ ಹೃದ್ರೋಗಿಗಳು ಮಾತ್ರೆಯಿಲ್ಲದೆ ಕೂತಿದ್ದರು.

“ಇನ್ನೂ ಆಗ್ಲಿಲ್ವೇನೋ?” ಔಷಧಿ ಕೊಡುವ ಬಿಯುನ್ ಅಕ್ಕ ಸರ್ವರ್ ಕೋಣೆಯ ಬಾಗಿಲಲ್ಲೇ ಗದರಿದಳು.

“ವಿಳಾಸ ಕೊಟ್ರೆ ವಿಲಾಸಕ್ಕೆ ಹೊರಡುತ್ತೆ ಅಕ್ಕ. ಇರು, ಕರೆದು ನೋಡ್ತೀನಿ.”

“ಈ ತಿಂಗಳು ಯಾರನ್ನೂ ಕರೀಬೇಡ್ವೋ, ಬೇರೆ ಯಾರೋ ಓಗೊಡ್ತಾರೆ!”

ಅವಳದೇ ಕೀರಲು ದನಿಯನ್ನು ಅಣಕಿಸಿ ವಿಳಾಸದ ಅಂಕಿಗಳನ್ನು ರಾಗವಾಗಿ ಕೂಗುತ್ತಾ, ಸರ್ವರ್ ಓಗೊಡುತ್ತದೆಯೇ ಎಂದು ಲ್ಯಾಪ್‌ಟಾಪಿನಿಂದ ಆ ವಿಳಾಸಕ್ಕೆ ಕರೆ ಕಳಿಸಿದೆ. ಉತ್ತರ ಬಂತು. ಅದೇ ವಿಳಾಸ ಬೇರೆ ಯಂತ್ರಕ್ಕೂ ಇದೆಯೇ ಎಂದು ಪರೀಕ್ಷಿಸಲು ಸರ್ವರ್‌ಗಿದ್ದ ಒಂದೇ ನೆಟ್‌ವರ್ಕ್ ತಂತಿಯನ್ನು ಕಿತ್ತೆ. ಉತ್ತರ ನಿಲ್ಲಲಿಲ್ಲ. ಆ ಥಂಡಿ ಕೋಣೆಯಲ್ಲೂ ತಂತಿಯ ತುದಿ, ಯಾರೋ ಈಗಷ್ಟೇ ಮುಷ್ಟಿ ಸಡಿಲಿಸಿದಂತೆ ಬೆಚ್ಚಗಿತ್ತು.

ಕೌಂಟರಿನಿಂದ ಯಾರೋ ಕೂಗಿದರು: “ಅಕ್ಕಾ, ಚೀಟಿ ಬರ್ತಿವೆ!”

ಬಿಯುನ್ ಅಕ್ಕ ನನ್ನ ಕೈಲಿದ್ದ ತಂತಿಯನ್ನೇ ನೋಡಿದಳು. “ವಾಪಸ್ ಸಿಕ್ಕಿಸ್ಬೇಡ,” ಅಂದಳು ಮೆಲ್ಲಗೆ. “ಜನ ಕಾಯ್ತಿದಾರೆ.”

ಸಿಕ್ಕಿಸಲಿಲ್ಲ. ಆ ತಂತಿ ಈಗಲೂ ಹಾಗೇ ನೇತಾಡುತ್ತಿದೆ, ಚೀಟಿಗಳು ಬರುತ್ತಲೇ ಇವೆ.